ದಾಂಡೇಲಿ–ಜೋಯಿಡಾ ಭಾಗದಲ್ಲಿ ಮೂರು ದಿನಗಳಲ್ಲಿ ಏನೇನು ನೋಡಬಹುದು?

ಫೆಬ್ರುವರಿ ತಿಂಗಳಲ್ಲಿ ಮೂರು ದಿನಗಳ ಮಟ್ಟಿಗೆ ವಯಸ್ಸಾದ ತಾಯಿ ಮತ್ತು ಹತ್ತು ವರ್ಷದ ಮಗನೊಂದಿಗೆ ಕಾಳಿ ನದಿಯ ಕಣಿವೆಗೆ ಬರಬೇಕೆಂದಿದ್ದೀರಿ. ಹುಲಿ ಕಾಣಿಸುವುದೇ, ರಾಫ್ಟಿಂಗ್ ಮಾಡಬಹುದೇ, ತಾಯಿಯವರಿಗೂ ಹಿಡಿಸುವಂಥದ್ದು ಏನಿದೆ ಎಂದು ಕೇಳಿದ್ದೀರಿ. ನೌಕರಿಯ ನಿಮಿತ್ತ ಹಲವು ವರ್ಷ ದಾಂಡೇಲಿಯಲ್ಲಿ ಇದ್ದವನಾದ್ದರಿಂದ ನಾನು ಕಂಡುಂಡದ್ದನ್ನು ಬರೆಯುತ್ತೇನೆ.

ಮೊದಲಿಗೆ ಹುಲಿಯ ಮಾತನ್ನು ಮುಗಿಸಿಬಿಡೋಣ. 1956ರಲ್ಲಿ ಘೋಷಣೆಯಾದ ದಾಂಡೇಲಿ ವನ್ಯಜೀವಿಧಾಮ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ, ಇವೆರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು ‘ಕಾಳಿ’ ಎಂದು ಕರೆಯಲಾಯಿತು. ಹುಲಿಗಳು ಇವೆ, ಕರಿಚಿರತೆಯೂ ಇದೆ. ಆದರೆ ಬಂಡೀಪುರ, ನಾಗರಹೊಳೆಗಳಂತೆ ಇಲ್ಲಿ ಕಾಡು ಬಿಡಿಬಿಡಿಯಾಗಿಲ್ಲ. ಬಿದಿರು, ತೇಗ, ಮತ್ತಿ ಮರಗಳ ನಡುವೆ ಹತ್ತು ಮಾರು ದೂರದಲ್ಲಿ ನಿಂತ ಕಾಡುಕೋಣವೂ ಕಣ್ಣಿಗೆ ಬೀಳದೆ ಹೋಗಬಹುದು. ಅಷ್ಟು ವರ್ಷಗಳಲ್ಲಿ ನಾನು ಹುಲಿಯ ಹೆಜ್ಜೆಯನ್ನು ಅನೇಕ ಸಲ ಕಂಡಿದ್ದೇನೆ, ಹುಲಿಯನ್ನು ಒಮ್ಮೆಯೂ ಕಂಡಿಲ್ಲ. ಪಣಸೋಲಿಯಿಂದ ಹೊರಡುವ ಅರಣ್ಯ ಇಲಾಖೆಯ ಜೀಪಿನಲ್ಲಿ ಬೆಳಗಿನ ಸಫಾರಿಗೆ ಖಂಡಿತ ಹೋಗಿ, ಆದರೆ ಮಗನಿಗೆ ಹುಲಿಯ ಆಸೆ ಹುಟ್ಟಿಸಬೇಡಿ. ಕಾಡುಕೋಣ, ಚುಕ್ಕೆ ಜಿಂಕೆ, ಮರದ ತುದಿಯಲ್ಲಿ ನೆಗೆಯುವ ಕೆಂಜಳಿಲು ಸಿಕ್ಕರೆ ಆ ಬೆಳಗು ಸಾರ್ಥಕ.

ನನ್ನನ್ನು ಕೇಳಿದರೆ ಈ ಕಣಿವೆಗೆ ಬರಬೇಕಾದದ್ದು ಮಂಗಟ್ಟೆಗಳಿಗಾಗಿ. ಎಲ್ಲರೂ ಈಗ ಹಾರ್ನ್‌ಬಿಲ್ ಎಂದೇ ಕರೆಯುವ ಈ ಹಕ್ಕಿಗಳಲ್ಲಿ ನಾಲ್ಕು ಜಾತಿಗಳು ಇಲ್ಲಿವೆ: ಭಾರಿ ಹಳದಿ ಕೊಕ್ಕಿನ ದೊಡ್ಡ ಮಂಗಟ್ಟೆ, ಕಪ್ಪು–ಬಿಳುಪಿನ ಮಲಬಾರ್ ಮಂಗಟ್ಟೆ, ಮತ್ತೆರಡು ಬೂದು ಬಣ್ಣದವು. 2011ರಲ್ಲಿ ಇವುಗಳಿಗಾಗಿಯೇ ಕಾಳಿ ನದಿಯ ದಡದ ಕಾಡನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ನೀವು ಬರುವ ಫೆಬ್ರುವರಿ ಇವುಗಳ ಗೂಡುಕಟ್ಟುವ ಕಾಲ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ಮಣ್ಣಿನಿಂದ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುವುದರಿಂದ, ಮೊಟ್ಟೆಯೊಡೆದು ಮರಿಗಳು ಬೆಳೆಯುವವರೆಗೆ ಗಂಡು ಹಕ್ಕಿಯೇ ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರವೇ ಉಪವಾಸ ಬಿದ್ದಂತೆ. ಆದ್ದರಿಂದ ಫೋಟೊಕ್ಕಾಗಿ ಗೂಡಿನ ಮರದ ಬುಡಕ್ಕೆ ಕರೆದೊಯ್ಯುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಳಗೆ ಜನ ನಿಂತಿದ್ದರೆ ಗಂಡು ಹಕ್ಕಿ ತುತ್ತು ಹಿಡಿದುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತ ಕೂರುತ್ತದೆ. ದಾಂಡೇಲಿಯ ಹಳೆಯ ಮರದ ಡಿಪೋ ಸುತ್ತಮುತ್ತ ಅಥವಾ ಹಣ್ಣು ಬಿಟ್ಟ ಯಾವುದೇ ಆಲದ ಮರದ ಬಳಿ ಬೆಳಿಗ್ಗೆ ಏಳರೊಳಗೆ ಸುಮ್ಮನೆ ಕುಳಿತರೆ ಸಾಕು. ಕಣ್ಣಿಗೆ ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ಹಳೆಯ ಉಗಿಬಂಡಿ ಏದುಸಿರು ಬಿಟ್ಟಂತೆ. ತಾಯಿಯವರಿಗೆ ಒಂದು ಮಡಚುವ ಕುರ್ಚಿ ತನ್ನಿ.

ಇನ್ನು ನದಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಕಾರವಾರದ ಪಕ್ಕದ ಸದಾಶಿವಗಡದ ಬಳಿ ಸಮುದ್ರ ಸೇರುವ ಕಾಳಿಯ ಇಡೀ ಓಟ 184 ಕಿಲೋಮೀಟರು; ಹುಟ್ಟಿದ ತಾಲ್ಲೂಕೂ ಸೇರುವ ಕಡಲೂ ಒಂದೇ ಜಿಲ್ಲೆಯವು. ಜಾಹೀರಾತುಗಳು ಇದನ್ನು ಮನುಷ್ಯನ ಕೈ ಸೋಕದ ನದಿಯೆಂದು ಬಣ್ಣಿಸುತ್ತವೆ, ಅದು ನಿಜವಲ್ಲ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳಿವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿದೆ. ಅಲ್ಲಿಂದ ಎದ್ದುಬಂದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದ್ದಾರೆ. ನೀವು ಕೇಳಿದ ರಾಫ್ಟಿಂಗ್ ಕೂಡ ಈ ಅಣೆಕಟ್ಟಿನ ಕೃಪೆಯೇ. ವಿದ್ಯುತ್ ಉತ್ಪಾದನೆಗಾಗಿ ಸೂಪಾದಿಂದ ಬಿಟ್ಟ ನೀರು ಗಣೇಶಗುಡಿಯ ಕೆಳಗೆ ಹರಿಯುವುದರಿಂದಲೇ, ಸುತ್ತಲಿನ ಹಳ್ಳಗಳೆಲ್ಲ ಬತ್ತುವ ಬೇಸಿಗೆಯಲ್ಲೂ ಅಲ್ಲಿ ರಭಸವಿರುತ್ತದೆ. ನೀರು ಬಿಡದ ದಿನ ರಾಫ್ಟಿಂಗ್ ಇಲ್ಲ. ಆದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ. ಒಮ್ಮೆ ನಾನು ನೆಂಟರನ್ನು ಕರೆದುಕೊಂಡು ಹೋದಾಗ ಎಂಟು ಜನರ ದೋಣಿಗೆ ಹನ್ನೆರಡು ಜನರನ್ನು ಹತ್ತಿಸಲು ಹೊರಟಿದ್ದರು. ನಾವು ಇಳಿದುಬಿಟ್ಟೆವು, ಹಣವಂತೂ ಮರಳಿ ಬರಲಿಲ್ಲ. ನಿಮ್ಮ ಮಗನಿಗೆ ಶಾಂತ ನೀರಿನ ಚಿಕ್ಕ ದೋಣಿ ವಿಹಾರ ಸಾಕು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ನೀವೇ ಎಳೆದು ನೋಡಿ.

ತಾಯಿಯವರಿಗಾಗಿ ಒಂದು ದಿನವನ್ನು ಉಳವಿಗೆ ಮೀಸಲಿಡಿ. ಕಲ್ಯಾಣದ ಕ್ರಾಂತಿಯ ನಂತರ ಶರಣರೊಂದಿಗೆ ಈ ಕಾಡಿಗೆ ಬಂದ ಚನ್ನಬಸವಣ್ಣನವರ ಸಮಾಧಿ ಅಲ್ಲಿದೆ, ಅಕ್ಕನಾಗಮ್ಮನ ಹೆಸರಿನ ಗವಿಯೂ ಇದೆ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಕಾಡು ದಾಟಿ ಬರುತ್ತಾರೆ. ನಿಮ್ಮ ದಿನಗಳು ಜಾತ್ರೆಗೆ ಹೊಂದಿದರೆ ಆ ಎತ್ತುಗಳ ಸಾಲನ್ನು ನೋಡುವುದೇ ಒಂದು ಭಾಗ್ಯ, ಆದರೆ ವಸತಿ ಸಿಗುವುದು ಕಷ್ಟ. ಅದೇ ದಾರಿಯಲ್ಲಿ ಗುಂದದ ಬಳಿ ಸಿಂಥೇರಿ ಬಂಡೆ ಸಿಗುತ್ತದೆ: ಕಾನೇರಿ ಹೊಳೆಯ ಅಂಚಿನಲ್ಲಿ ಸುಮಾರು 300 ಅಡಿ ಎತ್ತರಕ್ಕೆ ನಿಂತ ಏಕಶಿಲೆ, ಅದರ ಮೈತುಂಬ ಜೇನುಹುಟ್ಟುಗಳು. ಇಳಿಯುವ ಮೆಟ್ಟಿಲುಗಳು ಮೊಣಕಾಲು ನೋವಿದ್ದವರಿಗೆ ತ್ರಾಸ. ತಾಯಿಯವರು ಮೇಲೆಯೇ ಕೂರಲಿ. ಕೆಳಗಿನ ಮಡುವಿಗೆ ಯಾರೂ ಇಳಿಯಬಾರದು, ಬಂಡೆಯ ಬುಡದಲ್ಲಿ ಸುಳಿಯಿದೆ. ಕವಳಾ ಗುಹೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಮೂಡಿದ ಲಿಂಗ ಅಪರೂಪದ್ದೇ ಆದರೂ ಬಗ್ಗಿ ತೆವಳಬೇಕಾಗುತ್ತದೆ, ಈ ಸಲ ಬಿಟ್ಟುಬಿಡಿ. ದೂಧಸಾಗರವನ್ನೂ ಪಟ್ಟಿಗೆ ಸೇರಿಸಬೇಡಿ. ಅದು ಮಹದಾಯಿಯ ಕಣಿವೆ, ಬೇರೆಯದೇ ಪ್ರವಾಸ.

ಮೂರನೆಯ ದಿನ ವಾಪಸು ಹುಬ್ಬಳ್ಳಿ ಕಡೆಗೆ ಹೋಗದೆ, ಸಾಧ್ಯವಿದ್ದರೆ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗಿ. ದಾಂಡೇಲಿಯ ಎಲೆ ಉದುರುವ ಕಾಡು ಹಿಂದೆ ಉಳಿದು, ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣ ಕಾಡು ಶುರುವಾಗುವುದನ್ನು ಕಾರಿನ ಕಿಟಕಿಯಿಂದಲೇ ಗುರುತಿಸಬಹುದು. 2021ರ ಜುಲೈ ಮಳೆಯಲ್ಲಿ ಈ ಘಟ್ಟ ಕುಸಿದಿತ್ತು, ಆದ್ದರಿಂದ ಮಳೆಗಾಲದಲ್ಲಿ ಬರುವವರಿಗೆ ನಾನು ಈ ದಾರಿಯನ್ನು ಹೇಳುವುದಿಲ್ಲ. ಜೋಯಿಡಾದಲ್ಲಿ ರಸ್ತೆ ಬದಿಗೆ ಕುಣಬಿ ಹೆಂಗಸರು ಗೆಡ್ಡೆಗೆಣಸು ಇಟ್ಟುಕೊಂಡು ಕುಳಿತಿದ್ದರೆ ಕೊಂಡುಕೊಳ್ಳಿ, ಹೇಗೆ ಬೇಯಿಸಬೇಕೆಂದು ತಾಯಿಯವರು ಅವರನ್ನೇ ಕೇಳಲಿ.

ಒಂದು ಮಾತು ಬಿಟ್ಟುಹೋಗಿತ್ತು. ದಾಂಡೇಲಿ ಪಟ್ಟಣದ ಹತ್ತಿರ ನದಿಯಲ್ಲಿ ಮೊಸಳೆಗಳಿವೆ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಸೇತುವೆಯ ಮೇಲಿನಿಂದ ಮಗನಿಗೆ ತೋರಿಸಿ. ನೀರು ಎಷ್ಟೇ ತಿಳಿಯಾಗಿ ಕಂಡರೂ ದಡಕ್ಕೆ ಇಳಿದು ಕಾಲು ತೊಳೆಯಲು ಬಿಡಬೇಡಿ.