ಮಲೇರಿಯಾ ಇರುವವರ ರಕ್ತ ಸೊಳ್ಳೆಗಳನ್ನು ಸೆಳೆಯುತ್ತದೆಯೇ?

ಮಲೇರಿಯಾ ಬಂದವರನ್ನು ಸೊಳ್ಳೆಗಳು ಹುಡುಕಿಕೊಂಡು ಬರುತ್ತವಂತೆ, ಪರಾವಲಂಬಿ ಬಿಡುವ ಯಾವುದೋ ರಾಸಾಯನಿಕ ಅದಕ್ಕೆ ಕಾರಣವಂತೆ, ನಿಜವೇ ಎಂದು ಕೇಳಿದ್ದೀರಿ. ಜೀವರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದು ಬಹಳ ಇಷ್ಟದ ವಿಷಯ. ಬಹುಮಟ್ಟಿಗೆ ನಿಜ.

ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು ಕೀನ್ಯಾದಲ್ಲಿ. ಪರಾವಲಂಬಿ ಮನುಷ್ಯನಿಂದ ಸೊಳ್ಳೆಗೆ ದಾಟುವುದು ಗ್ಯಾಮಿಟೊಸೈಟ್ ಎಂಬ ಹಂತದಲ್ಲಿ ಮಾತ್ರ. ಆ ಹಂತದ ಪರಾವಲಂಬಿ ರಕ್ತದಲ್ಲಿದ್ದ ಮಕ್ಕಳ ಕಡೆಗೆ, ಉಳಿದ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಸೊಳ್ಳೆಗಳು ಹಾರಿದ್ದವು ಎಂದು 2005ರಲ್ಲಿ ವರದಿಯಾಯಿತು. ಚಿಕಿತ್ಸೆ ಕೊಟ್ಟ ಮೇಲೆ ಅದೇ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಕಾರಣದ ಒಂದು ಎಳೆಯನ್ನು 2017ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ತಂಡ ಹಿಡಿಯಿತು. ಪರಾವಲಂಬಿ ತನ್ನ ಚಯಾಪಚಯದಲ್ಲಿ ಎಚ್‌ಎಂಬಿಪಿಪಿ ಎಂಬ ಪುಟ್ಟ ಅಣುವನ್ನು ತಯಾರಿಸುತ್ತದೆ. ಇದು ತಾಗಿದ ಕೆಂಪು ರಕ್ತಕಣಗಳು ಇಂಗಾಲದ ಡೈಆಕ್ಸೈಡ್, ಆಲ್ಡಿಹೈಡ್‌ಗಳು ಮತ್ತು ಮಾನೋಟರ್ಪೀನ್‌ಗಳನ್ನು ಹೆಚ್ಚಾಗಿ ಹೊರಬಿಡುತ್ತವೆ. ಆ ವಾಸನೆಗೆ ಅನಾಫಿಲಿಸ್ ಸೊಳ್ಳೆ ಬರುತ್ತದೆ, ಬಂದು ಹೆಚ್ಚು ರಕ್ತವನ್ನೂ ಹೀರುತ್ತದೆ. ಇದು ಪ್ರಯೋಗಾಲಯದಲ್ಲಿ ಕಂಡದ್ದು. ಮನುಷ್ಯನ ಮೈವಾಸನೆಯಲ್ಲಿ ಇನ್ನೂ ನೂರಾರು ಅಣುಗಳಿರುತ್ತವೆ, ಎಲ್ಲವನ್ನೂ ಇದೊಂದರ ತಲೆಗೆ ಕಟ್ಟಬಾರದು.

ಈ ಅಣುವಿನ ಹುಟ್ಟು ಎಲ್ಲಿ ಎನ್ನುವುದು ನನಗೆ ಇನ್ನೂ ದೊಡ್ಡ ಬೆರಗು. ಮಲೇರಿಯಾ ಪರಾವಲಂಬಿಯ ಒಳಗೆ ಅಪಿಕೋಪ್ಲಾಸ್ಟ್ ಎಂಬ ಅಂಗಕ, ಅಂದರೆ ಜೀವಕೋಶದೊಳಗಿನ ಒಂದು ಪುಟ್ಟ ಭಾಗ, ಇದೆ. ಬಹಳ ಹಿಂದೆ ಅದರ ಪೂರ್ವಜರು ಒಂದು ಪಾಚಿಯನ್ನು ಒಳಗಿಟ್ಟುಕೊಂಡದ್ದರ ಅವಶೇಷ ಅದು. ದ್ಯುತಿಸಂಶ್ಲೇಷಣೆ ಹೋಯಿತು, ಆದರೆ ಗಿಡಗಳಲ್ಲಿರುವ ಒಂದು ರಾಸಾಯನಿಕ ಮಾರ್ಗ ಉಳಿಯಿತು. ಆ ಮಾರ್ಗದಲ್ಲಿ ಎಚ್‌ಎಂಬಿಪಿಪಿ ಕೊನೆಯ ಮೆಟ್ಟಿಲಿಗಿಂತ ಒಂದು ಹಿಂದೆ. ಅದರ ನಂತರ ಬರುವುದು ಐಪಿಪಿ ಎಂಬ, ಜೀವಕೋಶಕ್ಕೆ ಬೇಕೇ ಬೇಕಾದ ಅಣು. 2011ರಲ್ಲಿ ವಿಜ್ಞಾನಿಗಳಾದ ಎಲೆನ್ ಯೇ ಮತ್ತು ಜೋಸೆಫ್ ಡಿರಿಸಿ, ರಕ್ತದ ಹಂತದ ಪರಾವಲಂಬಿಗೆ ಹೊರಗಿನಿಂದ ಐಪಿಪಿ ಒದಗಿಸಿದರೆ ಅಪಿಕೋಪ್ಲಾಸ್ಟ್ ಇಲ್ಲದೆಯೂ ಬದುಕುತ್ತದೆ ಎಂದು ತೋರಿಸಿದರು. ಅಷ್ಟು ದೊಡ್ಡ ಅಂಗಕ ಆ ಹಂತದಲ್ಲಿ ಅನಿವಾರ್ಯವಾಗಿರುವುದು ಆ ಒಂದು ಅಣುವಿಗಾಗಿ!

ನಮ್ಮ ಜೀವಕೋಶಗಳು ಐಪಿಪಿಯನ್ನು ಬೇರೆ ದಾರಿಯಲ್ಲಿ ತಯಾರಿಸಿಕೊಳ್ಳುತ್ತವೆ. ಹಾಗಾಗಿ ಪರಾವಲಂಬಿಯ ದಾರಿಯನ್ನಷ್ಟೇ ಮುಚ್ಚುವ ಔಷಧಿ ಸಾಧ್ಯ. ಅಂಥ ಒಂದು ಔಷಧಿಯಾದ ಫಾಸ್ಮಿಡೋಮೈಸಿನ್ ಇಲಿಗಳ ಮಲೇರಿಯಾ ಗುಣಪಡಿಸಿದ್ದು 1999ರಲ್ಲೇ ಗೊತ್ತಾಗಿತ್ತು. ಮನುಷ್ಯರಲ್ಲಿ ಅದನ್ನೊಂದನ್ನೇ ಕೊಟ್ಟಾಗ ಹಲವರಿಗೆ ರೋಗ ಮರುಕಳಿಸಿತು. ಬೇರೆ ಔಷಧಿಗಳ ಜೊತೆ ಸೇರಿಸಿ ಪರೀಕ್ಷಿಸಬೇಕಾಯಿತು.

ನಿಮ್ಮ ಪ್ರಶ್ನೆಗೆ ಮರಳಿದರೆ: ಜ್ವರ ಇಳಿದ ಮೇಲೂ ಗ್ಯಾಮಿಟೊಸೈಟ್‌ಗಳು ರಕ್ತದಲ್ಲಿ ಉಳಿದಿರಬಹುದು. ಫಾಲ್ಸಿಪಾರಂ ಎಂಬ ಪರಾವಲಂಬಿಯಿಂದ ಬರುವ ಮಲೇರಿಯಾದಲ್ಲಿ ವೈದ್ಯರು ಮುಖ್ಯ ಔಷಧಿಯ ಜೊತೆ ಒಂದು ಬಾರಿ ಪ್ರಿಮಾಕ್ವಿನ್ ಕೊಡುವುದು ಅವುಗಳನ್ನು ಕೊಲ್ಲಲೆಂದೇ.