ಗಂಟು ಕಣದಲ್ಲಿತ್ತು

ನೀವು ಕೇಳಿದ್ದು ಇದು: "ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ಜಪಸರ ಬಿಡುವುದಿಲ್ಲ. ಆದರೂ ನಾನು ನಿಜವಾಗಿ ಆರಾಧಿಸುತ್ತಿರುವುದು ದೇವರನ್ನೇ ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ?"

ನಾನು ಫಾದರ್ ಅಲ್ಲ, ಉಪದೇಶಿಯೂ ಅಲ್ಲ. ವಿರಾಜಪೇಟೆ ಹತ್ತಿರ ನಾಲ್ಕು ಎಕರೆ ಕಾಫಿ ಇಟ್ಟುಕೊಂಡವನು. ನನಗೆ ಹೇಗೆ ತಿಳಿಯಿತು ಅಂತ ಮಾತ್ರ ಹೇಳಬಲ್ಲೆ.

2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತು. 50 ಕಿಲೋ ರೋಬಸ್ಟಾ ಚೆರಿ (ಹೊಟ್ಟು ಸಮೇತ ಒಣಗಿಸಿದ ಕಾಫಿ ಹಣ್ಣು) 10,000 ರೂಪಾಯಿ ದಾಟಿತು. ನಾಲ್ಕು ಸಾವಿರ ಸಿಕ್ಕರೆ ಸಾಕಪ್ಪಾ ಅನ್ನುತ್ತಿದ್ದವರು ನಾವು. ರೇಟಿನ ಹಿಂದೆಯೇ ಕಳ್ಳರ ಭಯವೂ ಬಂತು. ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ನನ್ನ ಅರೇಬಿಕಾ ಕಾಫಿ ಒಂದಷ್ಟು ಕೆಟ್ಟಿತ್ತು. ಉಳಿದದ್ದು ಕಣದಲ್ಲಿ ಒಣಗುತ್ತಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಹೆಂಡತಿ ಮಕ್ಕಳನ್ನು ಚರ್ಚಿಗೆ ಕಳಿಸಿ, ಕಂಬಳಿ ಹೊದ್ದು, ಟಾರ್ಚ್ ಹಿಡಿದು ಕಣ ಕಾಯುತ್ತ ಕೂತೆ. ನಡುರಾತ್ರಿ ದಾಟಿದ್ದು ನನ್ನ ಗಮನಕ್ಕೇ ಬರಲಿಲ್ಲ. ಮೊಬೈಲಿನಲ್ಲಿ ಓಟಿ ಲೆಕ್ಕ ಹಾಕುತ್ತಿದ್ದೆ. (50 ಕಿಲೋ ಒಣ ಚೆರಿಯ ಹೊಟ್ಟು ಬಿಡಿಸಿದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು ಓಟಿ. ವ್ಯಾಪಾರಿ ರೇಟು ಕಟ್ಟುವುದು ಅದರ ಮೇಲೆ.) ಮಕ್ಕಳು ವಾಪಸು ಬಂದು "ಪಪ್ಪಾ, ಹ್ಯಾಪಿ ಕ್ರಿಸ್‌ಮಸ್" ಅಂದಾಗ, ಲೆಕ್ಕ ತಪ್ಪಿತು ಅಂತ ಗದರಿಬಿಟ್ಟೆ.

ಅದೇ ತಿಂಗಳು ಕೊಡವರ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಪಕ್ಕದ ತೋಟದ ಕೊಡವ ಅಣ್ಣ ತಮ್ಮ ಕಣಕ್ಕೊಂದು ಟಾರ್ಪಾಲು ಎಳೆದು ಐನ್‌ಮನೆಗೆ (ಕುಲದ ಮೂಲಮನೆಗೆ) ಹೊರಟಿದ್ದರು. "ಕದಿರು ತೆಗೆಯುವ ಹೊತ್ತಲ್ಲಿ ಕಾಫಿ ಕಾಯ್ತಾ ಕೂರೋದಾ?" ಅಂತ ನಕ್ಕಿದ್ದರು. ಆ ರಾತ್ರಿ ಅವರ ಕಣವನ್ನೂ ನಾನೇ ಕಾದೆ. ವಿಗ್ರಹಾರಾಧನೆ ಅಂದ ಕೂಡಲೇ ಪಕ್ಕದ ಮನೆಯತ್ತ ಬೆರಳು ತೋರಿಸುವ ಚಾಳಿ ನಮ್ಮವರಲ್ಲಿ ಕೆಲವರಿಗಿದೆ. ಆ ಡಿಸೆಂಬರಿನಲ್ಲಿ ತನ್ನ ದೇವರಿಗೆ ಹೊತ್ತು ಕೊಟ್ಟವರು ಅವರು, ಕೊಡದವನು ನಾನು.

ಹಾಗಂತ ನಾನು ದುಡ್ಡಿಗೆ ಕೈ ಮುಗಿದೆನೇ? ಇಲ್ಲ, ಅದೇ ತೊಡಕು. ಕೇಳಿದ್ದರೆ 'ಮಕ್ಕಳಿಗಾಗಿ', 'ಅಪ್ಪ ಮಾಡಿಟ್ಟ ತೋಟ' ಅನ್ನುತ್ತಿದ್ದೆ, ಎರಡೂ ಸುಳ್ಳಲ್ಲ. ಬೈಬಲಿನ ವಿಮೋಚನಕಾಂಡದ 32ನೇ ಅಧ್ಯಾಯ ಓದಿ ನೋಡಿ. ಇಸ್ರಾಯೇಲರಿಗೆ ಆರಾಧಿಸಲು ಹೊನ್ನಿನ ಕರು ನಿಲ್ಲಿಸಿದ ಮೇಲೆ ಮೋಶೆಯ ಅಣ್ಣ ಆರೋನ ಸಾರಿದ್ದೇನು? ನಾಳೆ ಕರ್ತನಿಗೆ ಹಬ್ಬ ಅಂತ! ಕರುವಿನ ಹೆಸರೆತ್ತಲಿಲ್ಲ. ದೇವರ ಹೆಸರು ಹಾಗೇ ಇತ್ತು, ಹಬ್ಬವೂ ಇತ್ತು, ನಡುವೆ ನಿಂತದ್ದು ಮಾತ್ರ ಅವರದೇ ಕಿವಿಯ ಓಲೆ ಕರಗಿಸಿ ಮಾಡಿದ್ದು. ಹಾಗಾಗಿ ಪೂಜೆ ತಪ್ಪಿಸುವುದಿಲ್ಲ ಅನ್ನುವ ಸಮಾಧಾನದ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ನಾನೂ ಆ ರಾತ್ರಿ ಬಿಟ್ಟರೆ ತಪ್ಪಿಸಿದವನಲ್ಲ.

ನನ್ನ ಹೆಂಡತಿಯ ತವರಿನವರು ಪ್ರೊಟೆಸ್ಟೆಂಟ್ ಸಭೆಯಾದ ಸಿಎಸ್‌ಐನವರು. ಅವಳು ತಂದ ಹಳೆಯ ಸತ್ಯವೇದದಲ್ಲಿ ಮತ್ತಾಯ 6:21ರ ಮಾತು 'ನಿಧಿ' ಅಲ್ಲ, 'ಗಂಟು': ನಿನ್ನ ಗಂಟು ಇದ್ದಲ್ಲಿಯೇ ನಿನ್ನ ಮನಸ್ಸೂ ಇರುವದು. ನಿಧಿ ಅಂದರೆ ರಾಜರ ಕಾಲದ್ದು, ನಮಗಲ್ಲ ಅನ್ನಿಸುತ್ತದೆ. ಗಂಟು ಹಾಗಲ್ಲ, ಬಸ್ಸಿನಲ್ಲಿ ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿದ್ದೆಯಲ್ಲೂ ಮುಟ್ಟಿ ನೋಡುವಂಥದ್ದು. ನೀವೂ ಹಾಗೆ ಮುಟ್ಟಿ ನೋಡುವುದು ಏನನ್ನು? ನನಗದು ಬೆಳಿಗ್ಗೆ ಎದ್ದ ತಕ್ಷಣ ವಾಟ್ಸಾಪಿನ ರೇಟು. ಶಿಲುಬೆ ಗುರುತು ಅದಾದ ಮೇಲೆ.

ಇನ್ನೊಂದು ಗುರುತು ಇದೆ, ಹೇಳಲು ನಾಚಿಕೆ. ಆ ವರ್ಷವೇ ಹಣ್ಣು ಕುಯ್ಯುವವರು ಕಿಲೋಗೆ ಒಂದು ರೂಪಾಯಿ ಜಾಸ್ತಿ ಕೇಳಿದರು. ರೇಟು ಎರಡು ಪಟ್ಟಿಗಿಂತ ಮೇಲೆ ಹೋದ ವರ್ಷ ಐವತ್ತು ಪೈಸೆಗೆ ಜಗ್ಗಿ ಗೆದ್ದೆ. ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರದಲ್ಲಿದೆ. ನಾನು ಹಿಡಿದಿಡಲಿಲ್ಲ, ಜಗ್ಗಿದೆ ಅಷ್ಟೇ ಅಂತ ಸ್ವಲ್ಪ ದಿನ ವಾದ ಮಾಡಿಕೊಂಡೆ. ಈಸ್ಟರ್ ಹಿಂದಿನ ತಪಸ್ಸುಕಾಲದಲ್ಲಿ ಫಾದರ್ ಹತ್ತಿರ ಪಾಪನಿವೇದನೆಗೆ ಹೋದಾಗ ಆ ವಾದ ನಿಲ್ಲಲಿಲ್ಲ. ಉಳಿದ ಐವತ್ತು ಪೈಸೆ ಲೆಕ್ಕ ಹಾಕಿ ಕೊಟ್ಟೆ. ಒಬ್ಬಿಬ್ಬರು ಆಗಲೇ ಊರಿಗೆ ಹೋಗಿಬಿಟ್ಟಿದ್ದರು.

ನಮ್ಮ ಸಂತ ಅನ್ನಮ್ಮನವರ ಚರ್ಚು 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟಾಗ ಎದ್ದದ್ದು. ಬಂದವರ ಕೈಯಲ್ಲಿ ಗಂಟೇ ಇರಲಿಲ್ಲ. ಅವರ ಕಷ್ಟ ನನಗೆ ಬೇಕು ಅಂತಲ್ಲ, ಆದರೆ ಆ ಬೆಂಚಿನಲ್ಲಿ ಕೂತಾಗ ಈಗ ಅದು ನೆನಪಾಗುತ್ತದೆ.

ವಾಸಿಯಾಯಿತಾ ಅಂತ ಕೇಳಬೇಡಿ. ಮರುವರ್ಷ ಡಿಸೆಂಬರ್ 24ಕ್ಕೆ ಕಣಕ್ಕೆ ಟಾರ್ಪಾಲು ಎಳೆದು, ಗೇಟಿಗೆ ಬೀಗ ಹಾಕಿ ಎಲ್ಲರೂ ಹೋದೆವು. ಪ್ರವಚನ ಮುಗಿಯುವ ತನಕ ನನ್ನ ತಲೆ ಕಣದಲ್ಲೇ ಇತ್ತು. ಆಮೇಲೆ ಚಿಕ್ಕವಳು ನನ್ನ ಮಡಿಲಲ್ಲಿ ನಿದ್ದೆ ಹೋದಳು, ಕೈ ಜೋಮು ಹಿಡಿಯಿತು, ಕಾಫಿ ಮರೆತುಹೋಯಿತು.