ಮನೆಯ ಸ್ಟೌಗೆ ಹೈ ಪ್ರೆಶರ್ ರೆಗ್ಯುಲೇಟರ್ ಬೇಡ

ಉರಿ ಮಂಕಾಗಿದೆ, ಅಂಗಡಿಯವರು ಹೋಟೆಲಿನ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿ ಎನ್ನುತ್ತಿದ್ದಾರೆ, ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ ಸರ್.

ಸಿಲಿಂಡರಿನೊಳಗೆ ಹವೆಯ ಬಿಸಿಗೆ ತಕ್ಕಂತೆ ಐದಾರು ಬಾರ್ ಒತ್ತಡ ಇರುತ್ತದೆ. ಮನೆಯ ರೆಗ್ಯುಲೇಟರ್ ಅದನ್ನು ಸುಮಾರು 30 ಮಿಲಿಬಾರಿಗೆ ಇಳಿಸುತ್ತದೆ, ಅಂದರೆ ಹೆಚ್ಚುಕಡಿಮೆ ಇನ್ನೂರರಲ್ಲಿ ಒಂದು ಪಾಲಿಗೆ. ಒಳಗಿರುವುದು ರಬ್ಬರಿನ ತೆಳು ಪೊರೆ, ಅದರ ಮೇಲೊಂದು ಸ್ಪ್ರಿಂಗ್. ಸ್ಟೌ ಕಡೆ ಒತ್ತಡ ಏರಿದರೆ ಪೊರೆ ಮೇಲೆದ್ದು ಗ್ಯಾಸಿನ ದಾರಿ ಕಿರಿದಾಗುತ್ತದೆ, ಇಳಿದರೆ ಅಗಲವಾಗುತ್ತದೆ. ಪೊರೆ ಆಡಲು ಮುಚ್ಚಳದಲ್ಲಿ ಸಣ್ಣ ಗಾಳಿರಂಧ್ರ ಇರುತ್ತದೆ. ಅದಕ್ಕೆ ಎಣ್ಣೆಜಿಡ್ಡು ಮೆತ್ತಿಕೊಳ್ಳದಂತೆ ನೋಡಿಕೊಳ್ಳಿ.

ನಿಮ್ಮ ಸ್ಟೌವಿನ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ, ಆ 30 ಮಿಲಿಬಾರಿಗೇ ಕೊರೆದದ್ದು. ಹೈ ಪ್ರೆಶರ್ ಕೊಟ್ಟರೆ ಉರಿ ಬರ್ನರ್ ಬಿಟ್ಟು ಮೇಲೇಳುತ್ತದೆ, ಪೈಪಿನ ತುದಿಗಳಲ್ಲೂ ನಾಬ್‌ಗಳಲ್ಲೂ ಸೋರಿಕೆ ಶುರುವಾಗಬಹುದು. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಂಕು ಉರಿಗೆ ಸಾಮಾನ್ಯ ಕಾರಣ ಉಕ್ಕಿದ ಹಾಲು, ಗಂಜಿ. ಬರ್ನರ್ ತೂತುಗಳನ್ನು ತೊಳೆದು ಪೂರ್ತಿ ಒಣಗಿಸಿ, ಜೆಟ್ ಮೆಕ್ಯಾನಿಕ್ ಕೈಲಿ ಸ್ವಚ್ಛ ಮಾಡಿಸಿ. ಪೈಪ್ ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ. ಅದರ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಬದಲಿಸಲೇಬೇಕು. ಆಮೇಲೂ ಸರಿಯಾಗದಿದ್ದರೆ ರೆಗ್ಯುಲೇಟರನ್ನು ಬಿಚ್ಚಿ ರಿಪೇರಿ ಮಾಡಲು ಹೋಗದೆ, ಗ್ಯಾಸ್ ಏಜೆನ್ಸಿಯಲ್ಲೇ ಬದಲಿಸಿಕೊಳ್ಳಿ.

ಜೋಡಣೆಗಳಿಗೆ ಇವತ್ತೇ ಸೋಪುನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದು, ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.